ಓದುಗರ ಪ್ರಶ್ನೆಗಳಿಗೆ ಉತ್ತರ: ಒಂದು ಬಾಟಲಿ, ಎರಡು ಹೆಸರು

ಹಳೆಯ ವ್ಯಾಪಾರಿ ಮನೆತನಗಳ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಬರಹದಲ್ಲಿ ಸ್ಕಾಟ್‌ಲೆಂಡಿನ ಎಲ್ಗಿನ್ ಪಟ್ಟಣದ ಅಂಗಡಿಯೊಂದರ ಪ್ರಸ್ತಾಪ ಬಂದಿತ್ತು. ಅದನ್ನು ಓದಿ ಬರೆದವರ ಪತ್ರಗಳ ಪೈಕಿ ಮೂರಕ್ಕೆ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ಸ್ಕಾಟ್‌ಲೆಂಡಿನಲ್ಲಿ ಓದುತ್ತಿರುವ ನನ್ನ ಅಣ್ಣನ ಮಗ ರಜೆಗೆ ಬಂದಾಗ ಒಂದು ಬಾಟಲಿ ವಿಸ್ಕಿ ತಂದಿದ್ದಾನೆ. ಲೇಬಲ್ಲಿನ ಮೇಲೆ ಡಿಸ್ಟಿಲರಿಯ ಹೆಸರಿನ ಜೊತೆಗೆ ನೀವು ಬರೆದಿದ್ದ ‘ಗಾರ್ಡನ್ ಅಂಡ್ ಮ್ಯಾಕ್‌ಫೇಲ್’ ಎಂಬ ಹೆಸರೂ ಇದೆ. ಗೆಳೆಯರು ಇದನ್ನು ನಕಲಿ ಮಾಲು ಎನ್ನುತ್ತಾರೆ. ದುರ್ಗದಬೈಲಿನ ಹತ್ತಿರ ನಮ್ಮದೂ ಮೂರು ತಲೆಮಾರಿನ ಕಿರಾಣಿ ವ್ಯಾಪಾರ. ಕಿರಾಣಿ ಅಂಗಡಿಯವರು ವಿಸ್ಕಿಗೆ ತಮ್ಮ ಹೆಸರು ಹಾಕಿಕೊಳ್ಳುವುದು ಹೇಗೆ?
(ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಎರಡು ಹೆಸರುಗಳಿವೆ ಎಂಬ ಒಂದೇ ಕಾರಣಕ್ಕೆ ಅದು ನಕಲಿಯಾಗುವುದಿಲ್ಲ. ಒಂದು ಹೆಸರು ಬಟ್ಟಿ ಇಳಿಸಿದವರದು, ಇನ್ನೊಂದು ಅದನ್ನು ಕೊಂಡು, ವರ್ಷಗಟ್ಟಲೆ ಕಾದು, ಬಾಟಲಿಗೆ ತುಂಬಿಸಿದ ವ್ಯಾಪಾರಿಯದು. ಇಂಥ ವ್ಯಾಪಾರಿಗಳನ್ನು ಅಲ್ಲಿ ಇಂಡಿಪೆಂಡೆಂಟ್ ಬಾಟ್ಲರ್ ಎಂದು ಕರೆಯುತ್ತಾರೆ.

ಕಿರಾಣಿಗೂ ವಿಸ್ಕಿಗೂ ಇರುವ ನಂಟು ತಮಗೆ ವಿಚಿತ್ರವಾಗಿ ಕಂಡರೂ ಸ್ಕಾಟ್‌ಲೆಂಡಿನಲ್ಲಿ ಅದು ತೀರಾ ಸಹಜವಾದದ್ದು. ಜಾನ್ ವಾಕರ್ 1820ರಲ್ಲಿ ಕಿಲ್ಮಾರ್ನಾಕ್‌ನಲ್ಲಿ ತೆರೆದದ್ದು ಕಿರಾಣಿ ಅಂಗಡಿಯನ್ನೇ. ಅಬರ್ಡೀನಿನ ಚಿವಾಸ್ ಸಹೋದರರೂ ಕಿರಾಣಿ ವ್ಯಾಪಾರಿಗಳೇ. ಚಹಾ, ಸಕ್ಕರೆ, ಒಣದ್ರಾಕ್ಷಿ ಮಾರುವ ಅಂಗಡಿಯ ಹಿಂಬದಿಯಲ್ಲಿ ವಿಸ್ಕಿಯ ಪೀಪಾಯಿಯೂ ಇರುತ್ತಿತ್ತು. ಆದರೆ ಅವರು ಹಲವು ಡಿಸ್ಟಿಲರಿಗಳ ಮಾಲನ್ನು ಬೆರೆಸಿ ತಮ್ಮದೇ ಬ್ರ್ಯಾಂಡು ಕಟ್ಟಿದರು. ಎಲ್ಗಿನ್ನಿನವರ ಹೆಸರು ನಿಂತಿರುವುದು ಬೆರಕೆಯ ಮೇಲಲ್ಲ, ಒಂದೊಂದು ಡಿಸ್ಟಿಲರಿಯ ಮಾಲನ್ನು ಪ್ರತ್ಯೇಕವಾಗಿಟ್ಟು ಮಾರಿದ್ದರ ಮೇಲೆ.

ಜೇಮ್ಸ್ ಗಾರ್ಡನ್ ಮತ್ತು ಜಾನ್ ಅಲೆಕ್ಸಾಂಡರ್ ಮ್ಯಾಕ್‌ಫೇಲ್ ಎಂಬ ಪಾಲುದಾರರು 1895ರ ಮೇ ತಿಂಗಳಲ್ಲಿ ಎಲ್ಗಿನ್ನಿನ ಸೌತ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದರು. ಅದೇ ವರ್ಷ ಕೆಲಸ ಕಲಿಯಲು ಸೇರಿದ ಜಾನ್ ಅರ್ಕಾರ್ಟ್ ಎಂಬ ಹುಡುಗ 1915ರಲ್ಲಿ ಹಿರಿಯ ಪಾಲುದಾರನಾದ. ಮ್ಯಾಕ್‌ಫೇಲ್ ನಿವೃತ್ತರಾದ ಕೆಲವೇ ದಿನಗಳಲ್ಲಿ ಗಾರ್ಡನ್ ತೀರಿಕೊಂಡದ್ದೇ ಅದಕ್ಕೆ ಕಾರಣ. ಅಲ್ಲಿಂದ ಇಲ್ಲಿಯವರೆಗೆ ಅಂಗಡಿ ಅರ್ಕಾರ್ಟ್ ಮನೆತನದ್ದು. ಬಾಗಿಲ ಮೇಲಿನ ಫಲಕದಲ್ಲಿ ಮಾತ್ರ ಇಂದಿಗೂ ಮೊದಲಿನ ಇಬ್ಬರ ಹೆಸರೇ ಉಳಿದಿದೆ. ನಮ್ಮ ಪೇಟೆಗಳಲ್ಲೂ ಇಂಥ ಫಲಕಗಳಿಗೆ ಬರವಿಲ್ಲ.

ಅವರ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆಗ ತಾನೇ ಬಟ್ಟಿ ಇಳಿಸಿದ ಮದ್ಯಕ್ಕೆ ಬಣ್ಣವಿರುವುದಿಲ್ಲ; ಅದು ನೀರಿನಂತೆ ತಿಳಿಯಾಗಿರುತ್ತದೆ. ಕನಿಷ್ಠ 3 ವರ್ಷ ಸ್ಕಾಟ್‌ಲೆಂಡಿನಲ್ಲಿಯೇ ಓಕ್ ಮರದ ಪೀಪಾಯಿಯಲ್ಲಿ ಕಳೆಯದೆ ಅದನ್ನು ಸ್ಕಾಚ್ ಎಂದು ಕರೆಯುವಂತಿಲ್ಲ. ಡಿಸ್ಟಿಲರಿಗಳಿಗೆ ಕೈಯಲ್ಲಿ ರೊಕ್ಕ ಆಡಬೇಕಾದ್ದರಿಂದ ಹೊಸ ಮಾಲಿನ ಬಹುಪಾಲನ್ನು ಅವು ಬೆರಕೆ ಮಾಡುವ ಕಂಪನಿಗಳಿಗೆ ಮಾರುತ್ತಿದ್ದವು. ಅರ್ಕಾರ್ಟ್ ಮನೆತನದವರು ಶೆರಿ ವೈನ್ ಇದ್ದ ಪೀಪಾಯಿಗಳನ್ನು ತಾವೇ ಆರಿಸಿ, ಡಿಸ್ಟಿಲರಿಗಳಿಗೆ ಕಳುಹಿಸಿ, ಹೊಸ ಮಾಲನ್ನು ಅವುಗಳಲ್ಲಿ ತುಂಬಿಸಿಕೊಂಡು ಉಗ್ರಾಣದಲ್ಲಿ ಇಡಿಸುತ್ತಿದ್ದರು. ವಿಸ್ಕಿಯ ಬಣ್ಣ ಮತ್ತು ರುಚಿಯ ದೊಡ್ಡ ಪಾಲು ಮರದಿಂದಲೇ ಬರುವುದರಿಂದ ಪೀಪಾಯಿಯ ಆಯ್ಕೆಯೇ ಈ ವ್ಯಾಪಾರದ ಅರ್ಧ ಬುದ್ಧಿ; ಇನ್ನರ್ಧ ಅದನ್ನು ಯಾವಾಗ ತೆರೆಯಬೇಕೆಂಬ ತೀರ್ಮಾನ. 1968ರಲ್ಲಿ ಜಾನ್ ಅವರ ಮಗ ಜಾರ್ಜ್ ಅರ್ಕಾರ್ಟ್ ‘ಕಾನಸರ್ಸ್ ಚಾಯ್ಸ್’ ಎಂಬ ಸರಣಿಯನ್ನು ಆರಂಭಿಸಿದಾಗ ಸಿಂಗಲ್ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಡಿಸ್ಟಿಲರಿಯಲ್ಲಿ ತಯಾರಾದ ವಿಸ್ಕಿ, ಎಂಬುದು ಸ್ಕಾಟ್‌ಲೆಂಡಿನ ಆಚೆ ಹೆಚ್ಚಿನವರಿಗೆ ಪರಿಚಯವೇ ಇರಲಿಲ್ಲ.

ಇಷ್ಟು ಕಾಯುವುದು ಷೇರುದಾರರಿಗೆ ವರ್ಷವರ್ಷವೂ ಲೆಕ್ಕ ಒಪ್ಪಿಸಬೇಕಾದ ಕಂಪನಿಗೆ ಕಷ್ಟ, ಮನೆತನದ ಅಂಗಡಿಗೆ ಸಾಧ್ಯ ಎಂಬುದು ನಮ್ಮ ಅಭಿಪ್ರಾಯ. ಗ್ಲೆನ್‌ಲಿವೆಟ್ ಡಿಸ್ಟಿಲರಿಯ ಮಾಲನ್ನು ಜಾನ್ ಮತ್ತು ಜಾರ್ಜ್ 1940ರಲ್ಲಿ ಒಂದು ಪೀಪಾಯಿಗೆ ತುಂಬಿಸಿಟ್ಟರು. 80 ವರ್ಷದ ಆ ವಿಸ್ಕಿ 2021ರಲ್ಲಿ 250 ಬಾಟಲಿಗಳಾಗಿ ಹೊರಬಂದಾಗ ಅದನ್ನು ಮಾರಿದವರು ಆ ಮನೆತನದ ಮುಂದಿನ ತಲೆಮಾರಿನವರು.

ಈ ಪದ್ಧತಿ ಅವರೊಬ್ಬರದೇ ಅಲ್ಲ. ಅಬರ್ಡೀನಿನಲ್ಲಿ 1842ರಲ್ಲಿ ಆರಂಭವಾದ ಕೇಡನ್‌ಹೆಡ್ ಇನ್ನೂ ಹಳೆಯದು. ಲಂಡನ್ನಿನ ಬೆರಿ ಬ್ರದರ್ಸ್ ಅಂಡ್ ರಡ್ ಅಂಗಡಿ 1698ರದು.

ಇನ್ನು ತಮ್ಮ ಬಾಟಲಿಯ ವಿಚಾರ. ಒಂದೇ ಪೀಪಾಯಿಯಿಂದ ತುಂಬಿದ್ದಾದರೆ ಲೇಬಲ್ಲಿನ ಮೇಲೆ ಸಾಮಾನ್ಯವಾಗಿ ಬಟ್ಟಿ ಇಳಿಸಿದ ವರ್ಷ, ಬಾಟಲಿಗೆ ತುಂಬಿದ ವರ್ಷ, ಪೀಪಾಯಿಯ ನಂಬರು, ಒಟ್ಟು ಬಾಟಲಿಗಳ ಸಂಖ್ಯೆ ಇರುತ್ತವೆ. ಈ ಅಂಕಿಗಳು ಒಂದಕ್ಕೊಂದು ತಾಳೆಯಾಗಬೇಕು. 250 ಲೀಟರಿನ ಪೀಪಾಯಿಯಿಂದ ಅಲ್ಲಿನ ಹವೆಯಲ್ಲಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗಿ ಹೋದರೆ 20 ವರ್ಷದ ಕೊನೆಗೆ ಉಳಿಯುವುದು ಸುಮಾರು 167 ಲೀಟರು. ನೀರು ಬೆರೆಸದೆ 700 ಮಿಲಿಲೀಟರಿನಂತೆ ತುಂಬಿದರೆ 240ಕ್ಕೆ ಒಂದೆರಡು ಕಡಿಮೆ ಬಾಟಲಿಗಳಾಗುತ್ತವೆ. ಅಂಥ ಒಂದು ಪೀಪಾಯಿಯಿಂದ ಸಾವಿರ ಬಾಟಲಿ ಬಂದವೆಂದು ಬರೆದಿದ್ದರೆ ಸಂಶಯಪಡಬಹುದು. ಸಿಂಗಲ್ ಮಾಲ್ಟ್ ಸ್ಕಾಚನ್ನು 2012ರ ನವೆಂಬರ್‌ನಿಂದ ಸ್ಕಾಟ್‌ಲೆಂಡಿನಲ್ಲಿಯೇ ಬಾಟಲಿಗೆ ತುಂಬಬೇಕೆಂಬ ಕಾನೂನಿದೆ, ಅದನ್ನೂ ನೋಡಿಕೊಳ್ಳಿ. ಡಿಸ್ಟಿಲರಿಯ ಹೆಸರೇ ಇಲ್ಲದೆ ‘ಸೀಕ್ರೆಟ್ ಸ್ಪೇಸೈಡ್’ ಎಂಬಂತೆ ಪ್ರದೇಶದ ಹೆಸರು ಮಾತ್ರ ಇರುವ ಬಾಟಲಿಗಳೂ ಉಂಟು. ಮಾಲು ಮಾರಿದ ಡಿಸ್ಟಿಲರಿಯವರು ಹೆಸರು ಬಳಸಲು ಒಪ್ಪದಿದ್ದಾಗ ಹಾಗೆ ಮಾಡುತ್ತಾರೆಯೇ ಹೊರತು ಅದರಲ್ಲಿ ಮೋಸವಿಲ್ಲ.

ಬೇರೆ ಡಿಸ್ಟಿಲರಿಗಳ ಹೊಸ ಮಾಲನ್ನು ಪೀಪಾಯಿಗೆ ತುಂಬಿಸುವುದನ್ನು 2024ರಿಂದ ನಿಲ್ಲಿಸುವುದಾಗಿ ಎಲ್ಗಿನ್ನಿನವರು 2023ರಲ್ಲಿ ಪ್ರಕಟಿಸಿದರು. 1993ರಲ್ಲಿ ಕೊಂಡ ಬೆನ್ರೋಮಕ್ ಮತ್ತು 2022ರಲ್ಲಿ ತೆರೆದ ಕೇರ್ನ್ ಎಂಬ ಸ್ವಂತ ಡಿಸ್ಟಿಲರಿಗಳು ಈಗ ಅವರಿಗಿವೆ. ಉಗ್ರಾಣದಲ್ಲಿರುವ ಹಳೆಯ ದಾಸ್ತಾನು ಇನ್ನೂ ಹಲವು ದಶಕಗಳವರೆಗೆ ಮಾರಾಟಕ್ಕೆ ಬರುತ್ತಲೇ ಇರುತ್ತದೆ.

ಪ್ರಶ್ನೆ: 12 ವರ್ಷದ ವಿಸ್ಕಿಯನ್ನು ಮನೆಯಲ್ಲಿ 10 ವರ್ಷ ಇಟ್ಟರೆ 22 ವರ್ಷದ್ದಾಗುತ್ತದೆಯೇ?
(ಓದುಗರೊಬ್ಬರು, ಗದಗ)

ಉತ್ತರ: ಆಗುವುದಿಲ್ಲ. ಗಾಜಿನೊಳಗೆ ಹೋದ ಮೇಲೆ ವಿಸ್ಕಿ ಮಾಗುವುದಿಲ್ಲ. ಲೇಬಲ್ಲಿನ ವಯಸ್ಸು ಪೀಪಾಯಿಯಲ್ಲಿ ಕಳೆದ ಕಾಲದ್ದು ಮಾತ್ರ. ಬಾಟಲಿಯನ್ನು ಬಿಸಿಲಿಗೆ ತಾಗದಂತೆ, ಮಲಗಿಸದೆ ನೆಟ್ಟಗೆ ಇಟ್ಟರೆ ಸಾಕು.

ಪ್ರಶ್ನೆ: ನಾವು ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರ ಬಂದಾಗ ಮಾರುತ್ತೇವೆ. ವಿಸ್ಕಿಯ ಪೀಪಾಯಿ ಕೊಂಡಿಡಿ, ಲಾಭ ಖಚಿತ ಎಂದು ಈಗ ಫೋನು ಬರುತ್ತಿದೆ. ಹಣ ಹಾಕಬಹುದೇ? ಇಲ್ಲಿಯೇ ಇಡಲು ಬರುತ್ತದೆಯೇ?
(ಓದುಗರೊಬ್ಬರು, ಬ್ಯಾಡಗಿ)

ಉತ್ತರ: ತಂಪಿನಲ್ಲಿಟ್ಟ ಮೆಣಸಿನಕಾಯಿ ಇದ್ದಂತೆಯೇ ಇದ್ದು ದರಕ್ಕಾಗಿ ಕಾಯುತ್ತದೆ, ಪೀಪಾಯಿಯೊಳಗಿನ ಮಾಲು ದಿನದಿನಕ್ಕೂ ಬದಲಾಗುತ್ತದೆ, ಕಡಿಮೆಯೂ ಆಗುತ್ತದೆ. ಅದರ ಆಲ್ಕೋಹಾಲ್ ಪ್ರಮಾಣ ಶೇ. 40ಕ್ಕಿಂತ ಕೆಳಗಿಳಿದರೆ ಅದನ್ನು ಸ್ಕಾಚ್ ಎಂದು ಮಾರುವಂತಿಲ್ಲವಾದ್ದರಿಂದ, ಬಹಳ ಹಳೆಯದೆಂದು ಹೇಳುವ ಪೀಪಾಯಿ ಒಮ್ಮೊಮ್ಮೆ ಬರೀ ನಷ್ಟದ ಗಂಟು.

ಇಲ್ಲಿ ಇಡುವ ಯೋಚನೆಯನ್ನು ಬಿಡುವುದೇ ಲೇಸು. 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿದ ಬೆಂಗಳೂರಿನ ಅಮೃತ್ ಕಂಪನಿಯವರ ಪ್ರಕಾರ ಬೆಂಗಳೂರಿನಲ್ಲಿ ವರ್ಷಕ್ಕೆ ಶೇ. 10ರಿಂದ 12ರಷ್ಟು ಆವಿಯಾಗುತ್ತದೆ. ಆ ಲೆಕ್ಕದಲ್ಲಿ 200 ಲೀಟರಿನ ಪೀಪಾಯಿಯಲ್ಲಿ 10 ವರ್ಷಕ್ಕೆ ಉಳಿಯುವುದು ಹೆಚ್ಚೆಂದರೆ 70 ಲೀಟರು. ಸ್ಕಾಟ್‌ಲೆಂಡಿನಲ್ಲಾದರೆ 160ಕ್ಕೂ ಹೆಚ್ಚು. ಹಾವೇರಿಯ ಬೇಸಿಗೆ ಬೆಂಗಳೂರಿನದಕ್ಕಿಂತ ತಂಪೇನಲ್ಲ. ಇದಲ್ಲದೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯವನ್ನು ಬಾಟಲಿಗೆ ತುಂಬುವುದೂ ಮಾರುವುದೂ ಅಪರಾಧ.

ಫೋನಿನಲ್ಲಿ ಕರೆದವರ ವಿಚಾರ: ತೆರಿಗೆ ಕಟ್ಟದ ಪೀಪಾಯಿಗಳು ಬ್ರಿಟನ್ನಿನಲ್ಲಿ ಸರ್ಕಾರದ ನಿಗಾ ಇರುವ ಉಗ್ರಾಣದಲ್ಲಿಯೇ ಇರಬೇಕು, ಮಾಲೀಕತ್ವ ಬದಲಾದದ್ದು ಉಗ್ರಾಣದವರ ದಫ್ತರಿನಲ್ಲಿ ದಾಖಲಾಗಬೇಕು. ಅದಕ್ಕೆ ಡೆಲಿವರಿ ಆರ್ಡರ್ ಎಂಬ ಕಾಗದ ಬೇಕೇ ಹೊರತು ಚಿನ್ನದ ಬಣ್ಣದ ಅಂಚಿನ ‘ಮಾಲೀಕತ್ವದ ಪ್ರಮಾಣಪತ್ರ’ಕ್ಕೆ ಅಲ್ಲಿ ಕಿಮ್ಮತ್ತಿಲ್ಲ. ಒಂದೇ ಪೀಪಾಯಿಯನ್ನು ಹಲವರಿಗೆ ಮಾರಿದ ಮೋಸಗಳು ಅಲ್ಲಿ ಬಯಲಾಗಿವೆ. ಪೀಪಾಯಿಯ ನಂಬರು, ಉಗ್ರಾಣದ ವಿಳಾಸ, ಇತ್ತೀಚೆಗೆ ಅಳೆದ ಲೀಟರು ಮತ್ತು ಆಲ್ಕೋಹಾಲ್ ಪ್ರಮಾಣ ಇವಿಷ್ಟನ್ನು ಕೇಳಿ, ಉಗ್ರಾಣದವರಿಗೆ ತಾವೇ ನೇರವಾಗಿ ಬರೆದು ಉತ್ತರ ತರಿಸಿಕೊಳ್ಳುವವರೆಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ.