ಬಿಯರಿನೊಳಗೆ ಬಾಳೆಹಣ್ಣು ಎಲ್ಲಿಂದ ಬಂತು?

ಪ್ರಶ್ನೆ: ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ಮಗ ಕುಡಿಸಿದ ಗೋಧಿ ಬಿಯರ್ ಬಾಳೆಹಣ್ಣಿನ ಹಾಗೆ ಘಮ್ ಅಂತಿತ್ತು. ಎಸೆನ್ಸ್ ಹಾಕ್ತಾರಾ ಸಾರ್? ಮನೆಯಲ್ಲೇ ಮಾಡಬಹುದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಎಸೆನ್ಸೂ ಇಲ್ಲ, ಹಣ್ಣೂ ಇಲ್ಲ ಮಾರಾಯ್ರೇ, ಎಲ್ಲ ಯೀಸ್ಟಿನ ಕರಾಮತ್ತು. ಜರ್ಮನಿಯ ಬವೇರಿಯಾ ಶೈಲಿಯ ಗೋಧಿ ಬಿಯರಿಗೆ ಹಾಕುವ ಯೀಸ್ಟ್, ಹುದುಗುವಾಗ ಐಸೋಅಮೈಲ್ ಅಸಿಟೇಟ್ ಎಂಬ ಪರಿಮಳದ ವಸ್ತುವನ್ನು ಹುಟ್ಟಿಸುತ್ತದೆ. ನಮ್ಮ ಅಟ್ಟದಲ್ಲಿ ಹಣ್ಣಿಗಿಟ್ಟ ಬಾಳೆಗೊನೆಯ ಪರಿಮಳದಲ್ಲೂ ಇರುವುದು ಅದೇ. ಹುದುಗುವ ಜಾಗ 20 ಡಿಗ್ರಿ ಸೆಲ್ಸಿಯಸ್ ದಾಟಿ ಬೆಚ್ಚಗಾದಷ್ಟೂ ಬಾಳೆ ಜೋರು. ತಂಪಾಗಿದ್ದರೆ ಅದೇ ಯೀಸ್ಟಿನ ಲವಂಗದ ವಾಸನೆ ಮುಂದೆ ಬರುತ್ತದೆ. ನನ್ನ ಓಟು ಲವಂಗಕ್ಕೆ. ಬಾಳೆ ಅತಿಯಾದರೆ ಬಾಳೆಹಣ್ಣಿನ ರಸಾಯನ ಕುಡಿದ ಹಾಗಾಗುತ್ತದೆ.

ಮುಂದಿನ ಸಲ ಗ್ಲಾಸು ಬಂದ ಕೂಡಲೇ ಎತ್ತಬೇಡಿ. ಕೊರೆಯುವ ತಂಪಿನಲ್ಲಿ ಪರಿಮಳ ಏಳುವುದಿಲ್ಲ. ಐದು ನಿಮಿಷ ಬಿಟ್ಟು, ಮೊದಲು ಮೂಸಿ. ಅಂಚಿಗೆ ನಿಂಬೆ ಹೋಳು ಸಿಕ್ಕಿಸಿದ್ದರೆ ತೆಗೆದಿಡಿ, ಅದು ನೊರೆಯನ್ನೂ ಇಳಿಸುತ್ತದೆ.

ಮನೆಯಲ್ಲಿ ಮಾಡುವ ಮಾತು ಬಿಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ನಾನಂತೂ ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಕೆಂಪಗೆ ಹುರಿದು ಕಷಾಯ ಕಾಸುತ್ತೇನೆ. ಹೀಗೆ ಮೊಳಕೆ ಬರಿಸಿ ಒಣಗಿಸಿದ ಕಾಳೇ ಬಿಯರಿಗೆ ಹಾಕುವ ಮಾಲ್ಟ್; ಅದರ ರುಚಿ ಗುರುತಿಸಲು ಅಷ್ಟು ಸಾಕು. ಹಾಲು, ಬೆಲ್ಲ ಹಾಕಿದರೆ ನಮ್ಮ ಮನೆಯವರೂ ಒಂದು ಲೋಟ ಕೇಳುತ್ತಾರೆ.