ಭೀಮೆಯ ಮೀನುಗಳಿಗೆ ಉದ್ದ, ಅಗಲವಷ್ಟೇ ಸಾಲದು

ಯಾದಗಿರಿಯಲ್ಲಿ ಭೀಮಾ ನದಿಯ ಮೀನುಗಳ ಉದ್ದ, ಅಗಲ ಅಳೆದರೆ ಆಕಾರದ ವಿಕಾಸ ತಿಳಿಯುತ್ತದೆಯೇ ಎಂದು ಕೇಳಿದ್ದೀರಿ. ಸಾಲದು, ಆ ಅಳತೆಗಳಲ್ಲಿ ಗಾತ್ರವೂ ಆಕಾರವೂ ಬೆರೆತಿರುತ್ತವೆ. ಎಲ್ಲ ಮೀನುಗಳನ್ನೂ ಒಂದೇ ಬದಿಯಿಂದ ಫೋಟೊ ತೆಗೆದು, ಮೂತಿಯ ತುದಿ, ಕಣ್ಣು, ಈಜುರೆಕ್ಕೆಗಳ ಬುಡ ಮುಂತಾದ ಸಮಾನ ಬಿಂದುಗಳನ್ನು ಗುರುತಿಸಿ. ಆ ಬಿಂದುಗಳನ್ನು ಒಂದರ ಮೇಲೊಂದು ಹೊಂದಿಸುವ ಪ್ರೊಕ್ರಸ್ಟೀಸ್ ಎಂಬ ಗಣಿತ ವಿಧಾನವು ಸ್ಥಾನ, ಗಾತ್ರ, ದಿಕ್ಕುಗಳ ವ್ಯತ್ಯಾಸವನ್ನು ಕಳೆಯುತ್ತದೆ, ಉಳಿಯುವುದೇ ಆಕಾರ. 1917ರಲ್ಲಿ ಜೀವಶಾಸ್ತ್ರಜ್ಞ ಡಾರ್ಸಿ ಥಾಮ್ಸನ್ ಚೌಕಳಿ ಜಾಲವನ್ನು ಬಾಗಿಸಿ ಒಂದು ಮೀನಿನ ರೂಪದಿಂದ ಇನ್ನೊಂದನ್ನು ಪಡೆದ ಚಿತ್ರಗಳನ್ನು ಖಂಡಿತ ನೋಡಿ, ನನಗೆ ಇಂದಿಗೂ ರೋಮಾಂಚನವಾಗುತ್ತದೆ. ಆದರೆ ವಿಕಾಸದ ಮಾತಾಡಲು ವಂಶವೃಕ್ಷ ಬೇಕೇ ಬೇಕು: ಹತ್ತಿರದ ಸಂಬಂಧಿ ಜಾತಿಗಳು ಪರಸ್ಪರ ಹೋಲುವುದು ಸಹಜ, ಅವನ್ನು ಸ್ವತಂತ್ರ ಸಾಕ್ಷ್ಯಗಳೆಂದು ಎಣಿಸುವಂತಿಲ್ಲ. ಇನ್ನೊಂದು, ಸತ್ತು ಬಾಗಿದ ಮೀನುಗಳನ್ನು ಬಿಟ್ಟುಬಿಡಿ. ಆ ಬಾಗು ಆಕಾರಭೇದದ ವೇಷದಲ್ಲಿ ಲೆಕ್ಕದೊಳಗೆ ನುಸುಳುತ್ತದೆ.