ಕಣ್ಣಿನ ಪ್ರಶ್ನೋತ್ತರ: ಅರ್ಧ ಗಂಟೆಯ ಚಿಕಿತ್ಸೆ ಹತ್ತು ನಿಮಿಷಕ್ಕೆ ಇಳಿದರೆ?

ಪ್ರಶ್ನೆ: ಮಗನಿಗೆ 16 ವರ್ಷ. ಒಂದೇ ವರ್ಷದಲ್ಲಿ ಎರಡು ಸಲ ಕನ್ನಡಕ ಬದಲಾಯಿಸಿದೆವು. ಈಗ ಕೆರಟೋಕೋನಸ್ ಎಂದಿದ್ದಾರೆ. ಒಬ್ಬ ವೈದ್ಯರು 30 ನಿಮಿಷದ ಕ್ರಾಸ್‌ಲಿಂಕಿಂಗ್ ಮಾಡೋಣ ಎಂದರು, ಇನ್ನೊಬ್ಬರು 10 ನಿಮಿಷದ್ದೇ ಸಾಕು ಎಂದರು. ಬೇಗ ಮುಗಿಯುವುದರಲ್ಲಿ ಕೊರತೆ ಏನಾದರೂ ಇದೆಯೇ?

ಉತ್ತರ: ಕರಿಗುಡ್ಡೆಯ ಮುಂದಿರುವ ಗಾಜಿನಂಥ ಕಾರ್ನಿಯಾ ತೆಳುವಾಗುತ್ತಾ, ಬಲಗುಂದಿ, ಶಂಕುವಿನಂತೆ ಮುಂದಕ್ಕೆ ಉಬ್ಬುವುದೇ ಕೆರಟೋಕೋನಸ್. ಕಾರ್ನಿಯಾಕ್ಕೆ ಬಿಗಿ ಕೊಡುವುದು ಅದರೊಳಗಿನ ಕೊಲಾಜನ್ ಎಳೆಗಳು. ಮೇಲ್ಪದರವನ್ನು 8ರಿಂದ 9 ಮಿಲಿಮೀಟರ್ ಅಗಲಕ್ಕೆ ಮೆಲ್ಲಗೆ ಕೆರೆದು ತೆಗೆದು, ರೈಬೋಫ್ಲೇವಿನ್ (ವಿಟಮಿನ್ ಬಿ2) ಹನಿಗಳನ್ನು ಮತ್ತೆ ಮತ್ತೆ ಬಿಟ್ಟು ನೆನೆಸಿ, ಆಮೇಲೆ ನೇರಳಾತೀತ ಬೆಳಕು ಹಾಯಿಸಿದರೆ ಆ ಎಳೆಗಳ ನಡುವೆ ಹೊಸ ಕೊಂಡಿಗಳು ಬೀಳುತ್ತವೆ. ಇದೇ ಕ್ರಾಸ್‌ಲಿಂಕಿಂಗ್. ನೆನೆದದ್ದು ಸಾಕೋ ಇಲ್ಲವೋ ಎಂಬುದು ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಡಿ ನೋಡಿದರೆ ತಿಳಿಯುತ್ತದೆ: ಕಾರ್ನಿಯಾದ ಹಿಂದಿನ ನೀರೂ ಹಳದಿ-ಹಸಿರಾಗಿ ಹೊಳೆಯಬೇಕು.

ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪುಗೊಂಡ ಮೂಲ ವಿಧಾನದಲ್ಲಿ ಬೆಳಕಿನ ತೀವ್ರತೆ ಚದರ ಸೆಂಟಿಮೀಟರಿಗೆ 3 ಮಿಲಿವ್ಯಾಟ್, ಅವಧಿ 30 ನಿಮಿಷ. ಒಟ್ಟು ಶಕ್ತಿ 5.4 ಜೌಲ್. ತೀವ್ರತೆಯನ್ನು 9ಕ್ಕೆ ಏರಿಸಿದರೆ ಇದೇ 5.4 ಜೌಲ್ 10 ನಿಮಿಷದಲ್ಲಿ ಸಿಗುತ್ತದೆ, 18ಕ್ಕೆ ಏರಿಸಿದರೆ 5 ನಿಮಿಷ, 30ಕ್ಕೆ ಏರಿಸಿದರೆ 3 ನಿಮಿಷ. ಲೆಕ್ಕ ಸರಿಯೇ. ಆದರೆ ಕೊಂಡಿ ಬೀಳಲು ಬೆಳಕು, ರೈಬೋಫ್ಲೇವಿನ್ ಎರಡೇ ಸಾಲವು, ಆಮ್ಲಜನಕವೂ ಬೇಕು. ಬೆಳಕು ಬಿದ್ದ ಕೆಲವೇ ಸೆಕೆಂಡುಗಳಲ್ಲಿ ಕಾರ್ನಿಯಾದೊಳಗಿನ ಆಮ್ಲಜನಕ ಖರ್ಚಾಗಿಬಿಡುತ್ತದೆ, ಗಾಳಿಯಿಂದ ಮತ್ತೆ ಒಳಗಿಳಿಯಲು ಅದಕ್ಕೆ ಹೊತ್ತು ಬೇಕು. ತೀವ್ರತೆ ಹೆಚ್ಚಿಸಿದಷ್ಟೂ ಖರ್ಚು ಹೆಚ್ಚು, ಅವಧಿ ಕಿರಿದಾದಷ್ಟೂ ಭರ್ತಿ ಕಡಿಮೆ. ಹಾಗಾಗಿಯೇ ತೀರಾ ವೇಗದ ವಿಧಾನಗಳಲ್ಲಿ ಬಿಗಿಯಾದ ಪದರ ಅಷ್ಟು ಆಳಕ್ಕೆ ಹೋಗುವುದಿಲ್ಲ. ಒಂದು ಸೆಕೆಂಡು ಬೆಳಕು, ಒಂದು ಸೆಕೆಂಡು ಕತ್ತಲೆ ಎಂದು ಮಿಡಿಸುವ ಯಂತ್ರಗಳು ಬಂದದ್ದು ಈ ಕೊರತೆ ತುಂಬಲೆಂದೇ.

9 ಮಿಲಿವ್ಯಾಟ್, 10 ನಿಮಿಷದ ವಿಧಾನ ಇಂದು ವ್ಯಾಪಕವಾಗಿ ಬಳಕೆಯಲ್ಲಿದೆ, ಬಹುಪಾಲು ಕಣ್ಣುಗಳಲ್ಲಿ ರೋಗವನ್ನು ತಡೆಯುತ್ತದೆ. ಅಲುಗಾಡದೆ ಮಲಗಲು ಕಷ್ಟಪಡುವ ಹುಡುಗರಿಗೆ ಅದರ ಅನುಕೂಲವೂ ದೊಡ್ಡದು. ಆದರೆ ಹದಿಹರೆಯದಲ್ಲಿ ರೋಗ ಓಡುವ ವೇಗ ಜಾಸ್ತಿ. ನಿಮ್ಮ ಮಗ ಅರ್ಧ ಗಂಟೆ ಸುಮ್ಮನೆ ಮಲಗಬಲ್ಲನಾದರೆ ಮೂಲ ವಿಧಾನದತ್ತಲೇ ನಮ್ಮ ಒಲವು. ಆಗದಿದ್ದರೆ 10 ನಿಮಿಷದ್ದು ಮಾಡಿಸಿ, 3 ನಿಮಿಷದ್ದು ಬೇಡ. ಯಾವುದೆಂದು ತೀರ್ಮಾನಿಸಲಾಗದೆ ಆರು ತಿಂಗಳು ಕಳೆಯುವುದು ಇವೆಲ್ಲಕ್ಕಿಂತ ಕೆಟ್ಟದ್ದು.

ಪ್ರಶ್ನೆ: ನನ್ನ ಕಾರ್ನಿಯಾದ ದಪ್ಪ 410 ಮೈಕ್ರಾನ್. ಕ್ರಾಸ್‌ಲಿಂಕಿಂಗ್‌ಗೆ 400 ಇದ್ದರೆ ಸಾಕು ಎಂದು ಕೇಳಿದ್ದೇನೆ. ಆದರೂ ಕಷ್ಟ ಎನ್ನುತ್ತಿದ್ದಾರೆ, ಏಕೆ?

ಉತ್ತರ: ಆ 400 ಮೇಲ್ಪದರ ತೆಗೆದ ಮೇಲಿನ ಲೆಕ್ಕ. ಮೇಲ್ಪದರವೇ ಸುಮಾರು 50 ಮೈಕ್ರಾನ್ ಇರುವುದರಿಂದ ನಿಮಗೆ ಉಳಿಯುವುದು 360ರ ಆಸುಪಾಸು. ಕಾರ್ನಿಯಾದ ಒಳಮೈಯಲ್ಲಿರುವ ಎಂಡೋಥೀಲಿಯಂ ಜೀವಕೋಶಗಳು ಸತ್ತರೆ ಮರುಹುಟ್ಟುವುದಿಲ್ಲ, ಅವುಗಳಿಗೆ ಬೆಳಕು ತಾಕದಂತೆ ಕಾಯುವುದು ಈ ದಪ್ಪವೇ. ಡೆಕ್ಸ್‌ಟ್ರಾನ್ (ಹನಿಯನ್ನು ಗಟ್ಟಿಗೊಳಿಸುವ ಸಕ್ಕರೆಯಂಥ ವಸ್ತು) ಇಲ್ಲದ, ನೀರಿನಂಶ ಹೆಚ್ಚಿರುವ ರೈಬೋಫ್ಲೇವಿನ್ ಹಾಕಿ ಕಾರ್ನಿಯಾವನ್ನು ತಾತ್ಕಾಲಿಕವಾಗಿ ಉಬ್ಬಿಸುವುದು ಒಂದು ದಾರಿ. ದಪ್ಪಕ್ಕೆ ತಕ್ಕಂತೆ ಬೆಳಕಿನ ಪ್ರಮಾಣ ತಗ್ಗಿಸುವುದು ಇನ್ನೊಂದು. ಯಾವ ದಾರಿ ಹಿಡಿದರೂ ಬೆಳಕು ಹಾಯಿಸುವ ಮುನ್ನ ದಪ್ಪವನ್ನು ಮತ್ತೊಮ್ಮೆ ಅಳೆಯುತ್ತಾರೆಯೇ ಎಂದು ಕೇಳಿ. ಡೆಕ್ಸ್‌ಟ್ರಾನ್ ಇರುವ ಹನಿಗಳು ಕಾರ್ನಿಯಾದ ನೀರು ಹೀರಿ ಅದನ್ನು ಇನ್ನಷ್ಟು ತೆಳುವಾಗಿಸಬಲ್ಲವು.

ಪ್ರಶ್ನೆ: ಚಿಕಿತ್ಸೆಯಾಗಿ ಮೂರು ವಾರವಾಯಿತು. ಮೊದಲಿಗಿಂತ ಮಂಜು ಮಂಜು. ವಿಫಲವಾಯಿತೇ?

ಉತ್ತರ: ಮೂರು ವಾರಕ್ಕೆ ಹಾಗೆ ಹೇಳಲಾಗದು. ಮೊದಲ ಒಂದರಿಂದ ಮೂರು ತಿಂಗಳು ಕಾರ್ನಿಯಾ ತುಸು ಮಸುಕಾಗುವುದು ಸಾಮಾನ್ಯ, ಬಳಿಕ ನಿಧಾನಕ್ಕೆ ತಿಳಿಯಾಗುತ್ತದೆ. ಮೊದಲ ತಿಂಗಳಲ್ಲಿ ಟೋಪೋಗ್ರಫಿ (ಕಾರ್ನಿಯಾದ ಉಬ್ಬುತಗ್ಗಿನ ನಕ್ಷೆ) ಮಾಡಿಸಿದರೆ ಉಬ್ಬು ಹೆಚ್ಚಾದಂತೆಯೂ ಕಾಣಬಹುದು. ನಿಜವಾದ ಹೋಲಿಕೆ ಆರನೆಯ ತಿಂಗಳಿನಿಂದ ಮುಂದೆ. ಆದರೆ ನೋವು ಕಡಿಮೆಯಾಗಿ ಮತ್ತೆ ಶುರುವಾದರೆ, ಕಣ್ಣು ಕೆಂಪಾಗಿ ಬೆಳಕಿಗೆ ಚುಚ್ಚಿದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ತೋರಿಸಿ, ಸೋಂಕು ಇರಬಹುದು. ಸ್ಟೀರಾಯ್ಡ್ ಹನಿಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ನೀವಾಗಿಯೇ ಮುಂದುವರಿಸಲೂ ಬೇಡಿ. ಹೆಚ್ಚು ದಿನ ಹಾಕಿದರೆ ಕಣ್ಣೊಳಗಿನ ಒತ್ತಡ ಏರಬಹುದು.

ಪ್ರಶ್ನೆ: ಇದಾದ ಮೇಲೆ ಕನ್ನಡಕ ಬಿಡಬಹುದೇ?

ಉತ್ತರ: ಇಲ್ಲ. ಇದು ಇದ್ದಲ್ಲಿಗೇ ನಿಲ್ಲಿಸುವ ಚಿಕಿತ್ಸೆ. ಕೆಲವರಲ್ಲಿ ಉಬ್ಬು ಒಂದೆರಡು ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವ ಮಾನ) ತಗ್ಗುತ್ತದೆ, ಅಷ್ಟೇ. ಸ್ಪಷ್ಟ ನೋಟಕ್ಕೆ ಕನ್ನಡಕವೋ ಗಟ್ಟಿ ಲೆನ್ಸೋ ಬೇಕೇ ಬೇಕು.

ಪ್ರಶ್ನೆ: ಮಗಳು ಬೆಳಗ್ಗೆ ಎದ್ದ ಕೂಡಲೇ ಕಣ್ಣು ತಿಕ್ಕುತ್ತಾಳೆ. ಚಿಕಿತ್ಸೆ ಆಗಿದೆಯಲ್ಲ, ಪರವಾಗಿಲ್ಲವೇ?

ಉತ್ತರ: ಖಂಡಿತ ಕೂಡದು. ಬೆರಳ ಗೆಣ್ಣನ್ನು ರೆಪ್ಪೆಗೆ ಒತ್ತಿ ಗಿರಗಿರನೆ ತಿರುಗಿಸುವ ಆ ತಿಕ್ಕು ಕಾರ್ನಿಯಾಕ್ಕೆ ಬಲು ಕೆಟ್ಟದ್ದು, ಚಿಕಿತ್ಸೆಯ ನಂತರವೂ ರೋಗ ಮುಂದುವರಿಯಲು ಅದು ಕಾರಣವಾಗಬಹುದು. ಗದರಿದರೆ ಬಿಡುವ ಚಟವಲ್ಲ ಇದು, ಅದರ ಹಿಂದೆ ಹೆಚ್ಚಾಗಿ ಅಲರ್ಜಿಯ ತುರಿಕೆ ಇರುತ್ತದೆ. ತುರಿಕೆಗೆ ವೈದ್ಯರಿಂದ ಹನಿ ಬರೆಸಿಕೊಳ್ಳಿ, ಮುಚ್ಚಿದ ರೆಪ್ಪೆಯ ಮೇಲೆ ತಣ್ಣೀರಿನ ಬಟ್ಟೆಯನ್ನು ಒತ್ತದೆ ಇಡಿ. ಬೋರಲು ಮಲಗಿ ದಿಂಬಿಗೆ ಕಣ್ಣು ಒತ್ತಿಕೊಳ್ಳುತ್ತಾಳೆಯೇ ಎಂದು ರಾತ್ರಿ ಒಮ್ಮೆ ನೋಡಿ.